ಫುಟ್‌ಬಾಲ್, ಟಾರ್ಚು ಮತ್ತು ಡಿಸೆಂಬರ್ 21

ಕಾಸರಗೋಡಿನಲ್ಲಿ ಕುಳಿತು ಚಳಿಗಾಲದ ಹಬ್ಬಗಳ ಬಗ್ಗೆ ಮಾತನಾಡಲು ಸ್ವಲ್ಪ ಧೈರ್ಯ ಬೇಕು. ನಮ್ಮಲ್ಲಿ ಡಿಸೆಂಬರ್ ಅಂದರೆ ಬೆಳಗ್ಗೆ ಅಡಕೆ ತೋಟದಲ್ಲಿ ತೆಳುವಾದ ಮಂಜು, ಎಂಟಕ್ಕೆ ಬಿಸಿಲು, ಹನ್ನೊಂದಕ್ಕೆ ಬೆವರು. ಸ್ವೆಟರ್ ಇದ್ದರೆ ಅದು ಮಡಿಕೇರಿಗೆ ಹೋಗಿ ಬಂದವರ ಕಪಾಟಿನಲ್ಲಿ. ಆದರೂ 2024ರ ಡಿಸೆಂಬರ್ 21, ಶನಿವಾರ, ನೀರ್ಚಾಲು ಕಡೆಯ ನಮ್ಮ ಗ್ರಂಥಾಲಯದಲ್ಲಿ ಈ ವಿಷಯವಾಗಿ ಮಕ್ಕಳೊಡನೆ ಮಾತನಾಡಲು ಒಪ್ಪಿಕೊಂಡಿದ್ದೆ. ಒಪ್ಪಲು ಕಾರಣ ನನ್ನ ವಿದ್ವತ್ತಲ್ಲ, ಆ ದಿನದ ಗಳಿಗೆ. ದಕ್ಷಿಣಕ್ಕೆ ಸರಿಯುತ್ತಲೇ ಹೋದ ಸೂರ್ಯ ಉತ್ತರಕ್ಕೆ ತಿರುಗುವ ಕ್ಷಣ ಆ ವರ್ಷ ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 2.50ಕ್ಕೆ ಬಿದ್ದಿತ್ತು. ಕಾರ್ಯಕ್ರಮ ಎರಡೂವರೆಗೆ. ಇಂಥ ಮುಹೂರ್ತವನ್ನು ಬಿಡುವುದುಂಟೇ?

ಅಂದು ಬೆಳಗಿನ ಜಾವ ಧನುಪೂಜೆಗೂ ಹೋಗಿದ್ದೆ. ಧನು ತಿಂಗಳು, ಅಂದರೆ ತುಳುವರ ಪೆರಾರ್ದೆ ಹುಟ್ಟಿತೆಂದರೆ ನಮ್ಮ ಕಡೆಯ ದೇವಸ್ಥಾನಗಳಲ್ಲಿ ಬೆಳಕು ಹರಿಯುವ ಮೊದಲೇ ಒಂದು ಪೂಜೆ ಮುಗಿಯಬೇಕು. ಬರಿಮೈಯಲ್ಲಿ ಅಂಗಳದ ಕಲ್ಲಿನ ಮೇಲೆ ನಿಂತಾಗ ಮಾತ್ರ ‘ಹೌದು, ನಮಗೂ ಚಳಿಗಾಲವಿದೆ’ ಎಂದು ನಂಬಿಕೆ ಬರುತ್ತದೆ. ಮಂಡಲ ಪೂಜೆ ಹತ್ತಿರವಾದ್ದರಿಂದ ಕಪ್ಪು ಪಂಚೆಯ ಅಯ್ಯಪ್ಪ ವ್ರತದವರೂ ಇದ್ದರು. ಅವರಿಗೆ ನಸುಕಿನ ತಣ್ಣೀರು ಅಭ್ಯಾಸವಾಗಿ ಹೋಗಿತ್ತು, ನಡುಗುತ್ತಿದ್ದವರು ನಾವು. ಪೂಜೆಯಾದ ಮೇಲೆ ಅವಲಕ್ಕಿ, ಚಹಾ. ಭಕ್ತಿಗೂ ಆ ಚಹಾಕ್ಕೂ ಇರುವ ಸಂಬಂಧದ ಬಗ್ಗೆ ನಾನು ಏನೂ ಹೇಳುವುದಿಲ್ಲ.

ಮಧ್ಯಾಹ್ನ ಗ್ರಂಥಾಲಯ ಗಿಜಿಗುಟ್ಟುತ್ತಿತ್ತು. ಕ್ರಿಸ್‌ಮಸ್ ಪರೀಕ್ಷೆ ಮುಗಿದಿತ್ತಲ್ಲ. ಕೇರಳದ ಶಾಲೆಗಳಲ್ಲಿ ಪರೀಕ್ಷೆಗಳೂ ಹಬ್ಬದ ಹೆಸರಿನವು. ಮೊದಲನೆಯದು ಓಣಂ ಪರೀಕ್ಷೆ, ಎರಡನೆಯದು ಕ್ರಿಸ್‌ಮಸ್ ಪರೀಕ್ಷೆ. ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ ಲೆಕ್ಕ. ಭೂಗೋಳದ ಮಾದರಿ ಎಲ್ಲಿಯೂ ಸಿಗಲಿಲ್ಲ. ಆದರೆ ಕಾಸರಗೋಡಿನಲ್ಲಿ ಫುಟ್‌ಬಾಲಿಗೆ ಬರವೇ? ಹುಡುಗರು ತಂದ ಚೆಂಡಿನ ನೆತ್ತಿಯಿಂದ ಬುಡಕ್ಕೆ ಅಕ್ಷ, ನಡುವಿಗೆ ಭೂಮಧ್ಯರೇಖೆ, ಅದರಿಂದ ತುಸು ಮೇಲೆ, ಹನ್ನೆರಡೂವರೆ ಡಿಗ್ರಿಯಲ್ಲಿ, ಚಾಕಿನಿಂದ ನಮ್ಮ ಊರು. ಕಿಟಕಿ ಮುಚ್ಚಿ ಟಾರ್ಚು ಹಿಡಿದೆವು. ಚೆಂಡಿನ ನೆತ್ತಿಯನ್ನು ಟಾರ್ಚಿನಿಂದ ಆಚೆಗೆ ಇಪ್ಪತ್ತಮೂರೂವರೆ ಡಿಗ್ರಿಯಷ್ಟು ವಾಲಿಸಿ ತಿರುಗಿಸಿದಾಗ ನೆತ್ತಿಯ ಸುತ್ತಣ ಭಾಗ ಬೆಳಕಿಗೆ ಬರಲೇ ಇಲ್ಲ. ಸ್ವೀಡನ್ನಿನ ಉತ್ತರ ತುದಿಯ ಕಿರುನಾ ಅಲ್ಲಿದೆ, ಡಿಸೆಂಬರಿನಲ್ಲಿ ಕೆಲವು ವಾರ ಸೂರ್ಯನೇ ಮೇಲೇಳುವುದಿಲ್ಲ ಎಂದೆ. ಸ್ಟಾಕ್‌ಹೋಮಿನಲ್ಲಿ ಸುಮಾರು ಆರು ಗಂಟೆಯ ಹಗಲು. ನಮ್ಮ ಚಾಕಿನ ಚುಕ್ಕೆಗೋ ಜೂನಿಗೂ ಡಿಸೆಂಬರಿಗೂ ಇರುವ ವ್ಯತ್ಯಾಸವೇ ಹೆಚ್ಚುಕಡಿಮೆ ಒಂದೂವರೆ ಗಂಟೆ. ಅಷ್ಟಕ್ಕೆಲ್ಲ ಯಾರೂ ಸೂರ್ಯ ಸತ್ತೇಹೋದನೆಂದು ಗಾಬರಿಯಾಗುವುದಿಲ್ಲ.

ಇರಾನಿನ ಯಲ್ದಾ ರಾತ್ರಿಯ ಕಥೆ ಮಕ್ಕಳಿಗೆ ಬಲು ಹಿಡಿಸಿತು. ವರ್ಷದ ಅತಿ ದೀರ್ಘ ರಾತ್ರಿ ಮನೆಯವರೆಲ್ಲ ಹಿರಿಯರ ಮನೆಯಲ್ಲಿ ಸೇರಿ, ದಾಳಿಂಬೆ ಬಿಡಿಸಿ, ಕಲ್ಲಂಗಡಿ ಕೊಯ್ದು, ಹಾಫೀಜ್ ಕವಿಯ ಪದ್ಯ ತೆರೆದು ಭವಿಷ್ಯ ಕೇಳುತ್ತ ಎಚ್ಚರವಾಗಿರುತ್ತಾರೆ. ‘ಚಳಿಗೆ ಕಲ್ಲಂಗಡಿಯಾ? ಶೀತ ಆಗುವುದಿಲ್ಲವಾ?’ ಎಂದು ಒಬ್ಬ ಕೇಳಿದ. ಅವರ ನಂಬಿಕೆ ಇದಕ್ಕೆ ತಿರುಗುಮುರುಗು, ಆ ರಾತ್ರಿ ಕಲ್ಲಂಗಡಿ ತಿಂದರೆ ಕಾಯಿಲೆ ದೂರ ಎಂದಾಗ ಸಭೆಗೆ ಸಮಾಧಾನವಾಗಲಿಲ್ಲ. ಚೀನಾದ ದಕ್ಷಿಣದವರು ಅಯನದ ದಿನ ಸಕ್ಕರೆ ಪಾಕದಲ್ಲಿ ಅಕ್ಕಿಹಿಟ್ಟಿನ ಉಂಡೆ ತಿನ್ನುತ್ತಾರೆ, ಜಪಾನಿನವರು ಯೂಜು ಎಂಬ ಹುಳಿಹಣ್ಣು ತೇಲಿಬಿಟ್ಟ ಬಿಸಿನೀರಿನಲ್ಲಿ ಮೀಯುತ್ತಾರೆ. ಇವೆಲ್ಲ ಬೇಗ ಮುಗಿದವು. ಅಮೆರಿಕದ ಆಫ್ರಿಕನ್ ಮೂಲದವರ ಹಬ್ಬ ಕ್ವಾನ್ಜಾ 1966ರಲ್ಲಿ ಹುಟ್ಟಿದ್ದು ಎಂದಾಗ ಹಿಂದಿನ ಸಾಲಿನ ಒಬ್ಬರು ಹಿರಿಯರು ‘ನನಗಿಂತ ಸಣ್ಣದು’ ಎಂದರು.

ನಾನು ನಿಜವಾಗಿ ಹೇಳಬೇಕೆಂದು ಹೋದದ್ದು ಬೇರೆ. ಈ ಹಬ್ಬಗಳಲ್ಲಿ ಹಲವು ಸೂರ್ಯನನ್ನು ನೆಚ್ಚಿ ಹುಟ್ಟಿದವು, ಆಮೇಲೆ ಪಂಚಾಂಗ ಸೂರ್ಯನ ಕೈಬಿಟ್ಟಿತು, ಜನ ಪಂಚಾಂಗದ ಕೈ ಬಿಡಲಿಲ್ಲ. ಸ್ವೀಡನ್ನಿನ ಲೂಸಿಯಾ ಹಬ್ಬ ಡಿಸೆಂಬರ್ 13ಕ್ಕೆ. ಬಿಳಿ ಅಂಗಿಯ ಹುಡುಗಿ ತಲೆಯ ಮೇಲೆ ದೀಪದ ಕಿರೀಟ ಹೊತ್ತು ಕತ್ತಲಲ್ಲಿ ಬರುತ್ತಾಳೆ. ಹಳೆಯ ಜೂಲಿಯನ್ ಲೆಕ್ಕದಲ್ಲಿ, ಹದಿನಾಲ್ಕನೆಯ ಶತಮಾನದ ಹೊತ್ತಿಗೆ, ದೀರ್ಘ ರಾತ್ರಿ ಆ ತಾರೀಖಿನ ಸುಮಾರಿಗೇ ಬೀಳುತ್ತಿತ್ತು. ಆ ಲೆಕ್ಕ ಸೂರ್ಯನಿಗಿಂತ ಹಿಂದೆ ಬೀಳುತ್ತಿದ್ದುದರಿಂದ 1582ರಲ್ಲಿ ಪೋಪ್ ಗ್ರೆಗರಿ ಅಕ್ಟೋಬರ್ 4ರ ಮರುದಿನವನ್ನು 15 ಎಂದು ಸಾರಿ ಹತ್ತು ದಿನ ಕಿತ್ತು ಹಾಕಿದರು. ಸ್ವೀಡನ್ 1753ರಲ್ಲಿ ಒಪ್ಪಿತು. ಲೂಸಿಯಾ ಮಾತ್ರ ಹಳೆಯ ತಾರೀಖಿನಲ್ಲೇ ಉಳಿದಳು. ಇಥಿಯೋಪಿಯಾದವರೂ ರಷ್ಯಾದವರೂ ಜನವರಿ 7ರಂದು ಕ್ರಿಸ್‌ಮಸ್ ಮಾಡುವುದು ಹಳೆಯ ಲೆಕ್ಕ ಬಿಡದ್ದರಿಂದಲೇ.

‘ಹಾಗಾದರೆ ನಮ್ಮ ಉತ್ತರಾಯಣ ಇವತ್ತೇ?’ ಎಂದು ಒಂಬತ್ತನೆಯ ತರಗತಿಯ ಹುಡುಗ ಕೇಳಿದಾಗ ಗಡಿಯಾರದಲ್ಲಿ ಮೂರಕ್ಕೆ ಎಂಟು ನಿಮಿಷವಿತ್ತು. ಎರಡು ನಿಮಿಷದ ಹಿಂದೆ ಸೂರ್ಯ ತಿರುಗಿಯಾಗಿತ್ತು, ನನ್ನ ಮಾತಿನ ಭರದಲ್ಲಿ ಯಾರೂ ಗಮನಿಸಲಿಲ್ಲ. ಹೌದು, ಆಕಾಶದಲ್ಲಿ ಇವತ್ತು, ಪಂಚಾಂಗದಲ್ಲಿ ಜನವರಿ 14ಕ್ಕೆ. ನಾವು ನಕ್ಷತ್ರ ನೋಡಿ ರಾಶಿ ಗುರುತಿಸುವವರು. ಭೂಮಿಯ ಅಕ್ಷ ನಿಧಾನವಾಗಿ ಸುತ್ತುವುದರಿಂದ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಸಂಕ್ರಾಂತಿ ಮುಂದೆ ಜಾರುತ್ತದೆ. ಹತ್ತಿರಹತ್ತಿರ 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಕೂಡಿದ್ದವು. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12ರಂದೇ ಮಕರ ಸಂಕ್ರಾಂತಿಯಿತ್ತು. ಈಗ ಅದು 14ಕ್ಕೋ 15ಕ್ಕೋ ಬಂದಿದೆ. ಹಿಂದಿನ ಸಾಲಿನ ಹಿರಿಯರಿಗೆ ಇದು ಇಷ್ಟವಾಗಲಿಲ್ಲ. ‘ಭೀಷ್ಮ ಕಾದದ್ದು ಯಾವ ಉತ್ತರಾಯಣಕ್ಕೆ, ಆಕಾಶದ್ದೋ ಪಂಚಾಂಗದ್ದೋ?’ ಎಂದು ಕೇಳಿದರು. ಉತ್ತಮ ಪ್ರಶ್ನೆ. ತಾಳಮದ್ದಳೆಯ ಊರಿನಲ್ಲಿ ಅದಕ್ಕೆ ಉತ್ತರಿಸಲು ಹೊರಟರೆ ಬೆಳಗಾಗುತ್ತದೆ. ಕೈಮುಗಿದು ಮುಂದೆ ಹೋದೆ.

ಎಲ್ಲರಿಗಿಂತ ಚುರುಕು ಏಳನೆಯ ತರಗತಿಯ ಒಬ್ಬ ಹುಡುಗಿ. ‘ನಮ್ಮ ಪೆರ್ನಾಳ್ ಚಳಿಗಾಲದ ಹಬ್ಬವಾ, ಬೇಸಿಗೆಯದ್ದಾ?’ ಎಂದಳು. ಪೆರ್ನಾಳ್ ಎಂದರೆ ಈದ್. ಎಲ್ಲ ಕಾಲದ್ದೂ ಎಂದೆ. ಚಂದ್ರನನ್ನು ನೋಡಿ ಎಣಿಸುವ ಹಿಜರಿ ವರ್ಷಕ್ಕೆ 354 ದಿನ, ಕೆಲವೊಮ್ಮೆ 355. ಸೂರ್ಯನ ವರ್ಷಕ್ಕಿಂತ ಸುಮಾರು 11 ದಿನ ಕಡಿಮೆ. ಹಾಗಾಗಿ ರಂಜಾನ್ ಹಿಂದೆ ಹಿಂದೆ ಸರಿಯುತ್ತ 33 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. ಯಹೂದಿಗಳು ಚಂದ್ರನನ್ನೇ ನೋಡಿದರೂ ನಮ್ಮ ಅಧಿಕ ಮಾಸದಂತೆ ಒಂದು ತಿಂಗಳು ಸೇರಿಸಿ ಸರಿಪಡಿಸಿಕೊಳ್ಳುತ್ತಾರೆ. ಅದಕ್ಕೇ ಅವರ ಎಂಟು ರಾತ್ರಿಗಳ ಹನುಕ್ಕಾ ಚಳಿಗಾಲ ಬಿಟ್ಟು ದೂರ ಹೋಗುವುದಿಲ್ಲ. ಆ ವರ್ಷ ಅದು ಡಿಸೆಂಬರ್ 25ರ ಸಂಜೆಯೇ ಶುರುವಾಗುವುದಿತ್ತು. 2030ರಲ್ಲಿ ಜನವರಿಗೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ ರಂಜಾನ್ ತಿಂಗಳು ಎರಡು ಸಲ ಆರಂಭವಾಗುತ್ತದೆ ಎಂದಾಗ ಆಕೆ ಬೆರಳು ಮಡಚಿ, ‘ಮೊದಲನೆಯದಕ್ಕೆ ನಾನು ಪ್ಲಸ್ ಟು, ಎರಡನೆಯದಕ್ಕೆ ಕಾಲೇಜು’ ಎಂದಳು. ಹಗಲು ಚಿಕ್ಕದಾದ್ದರಿಂದ ಉಪವಾಸ ಸುಲಭವೋ ಎಂದು ಕೇಳಿದ್ದಕ್ಕೆ ಚೆಂಡಿನ ಚಾಕಿನ ಗುರುತು ತೋರಿಸಿದೆ. ನಮ್ಮಲ್ಲಿ ಸುಮಾರು ಒಂದೂವರೆ ಗಂಟೆಯ ಲಾಭ, ಅಷ್ಟೇ. ಆಮೇಲೆ ಯಾರೋ ಚೆಂಡನ್ನು ತಲೆಕೆಳಗು ಮಾಡಿ, ಕೆಳಗಿನ ಅರ್ಧದವರ ಗತಿ ಕೇಳಿದರು. ಅವರಿಗೆ ಚಳಿಗಾಲ ಜೂನಿನಲ್ಲಿ. ಪೆರುವಿನ ಕುಸ್ಕೊದಲ್ಲಿ ಸೂರ್ಯನ ಹಬ್ಬ ಇಂತಿ ರಾಯ್ಮಿ ಜೂನ್ 24ಕ್ಕೆ ಎಂದು ಮುಗಿಸುವಷ್ಟರಲ್ಲಿ ಚೆಂಡು ಕಿಟಕಿಯಿಂದಾಚೆಗೆ ಹಾರಿತ್ತು. ಭೂಮಿಯ ಹಿಂದೆ ಮಕ್ಕಳೂ ಹೋದರು.

ಸಂಜೆ ನೆರೆಮನೆಯಲ್ಲಿ ಕುಸ್ವಾರ್ ಕೆಲಸ. ಅವರು ಬೇಳದ ಇಗರ್ಜಿಯ ಒಕ್ಕಲು, ಮನೆಮಾತು ಕೊಂಕಣಿ. ಕುಸ್ವಾರ್ ಎಂದರೆ ಕ್ರಿಸ್‌ಮಸ್ ತಿಂಡಿಗಳ ಇಡೀ ಸಂಸಾರ. ನೆವ್ರ್ಯೊ, ಗುಳಿಯೊ, ಕಿಡಿಯೊ. ನನಗೆ ಕಿಡಿಯೊ ಒಪ್ಪಿಸಿದರು. ತೆಂಗಿನ ಹಾಲಿನಲ್ಲಿ ಕಲಸಿದ ಮೈದಾ ಹಿಟ್ಟಿನ ನೆಲ್ಲಿಕಾಯಿ ಗಾತ್ರದ ತುಂಡನ್ನು ಫೋರ್ಕಿನ ಬೆನ್ನಿಗೆ ಒತ್ತಿ ಹರಡಿ, ತುದಿಯಿಂದ ಬೆರಳಲ್ಲೇ ಸುರುಳಿ ಸುತ್ತುತ್ತ ಬಿಡಿಸಿದರೆ ಬೆನ್ನ ಮೇಲೆ ಸಾಲು ಗೆರೆ ಮೂಡಿದ ದಪ್ಪ ಹುಳು ಕೈಗೆ ಬರುತ್ತದೆ. ಗಟ್ಟಿ ಒತ್ತಿದರೆ ಹಿಟ್ಟು ಫೋರ್ಕಿಗೇ ಅಂಟುತ್ತದೆ, ಹಗುರ ಒತ್ತಿದರೆ ಎಣ್ಣೆಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತದೆ. ನಮ್ಮ ಮನೆಗೆ ಮೊಟ್ಟೆ ಹಾಕದ್ದು ಬೇರೆ ಎಂದು ಆ ಹಿಟ್ಟನ್ನು ಮೊದಲೇ ತೆಗೆದಿರಿಸಿದ್ದರು. ಲೂಸಿಯಾ ಕಥೆಯನ್ನು ಅಲ್ಲಿಯೂ ಹೇಳತೊಡಗಿದೆ. ಮನೆಯ ಅಜ್ಜಿ ಎಣ್ಣೆಯಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡು, ‘ತಾರೀಖು ಯಾವುದಾದರೂ ಇರಲಿ, ಎರಡು ದಿನ ಮೊದಲೇ ಹೇಳಿದರಾಯಿತು, ಇಷ್ಟೆಲ್ಲ ಕರಿಯಬೇಡವೇ?’ ಎಂದರು. ನಂತರ ನಾನು ಸುತ್ತಿದ ಹುಳುಗಳನ್ನು ಒಂದೊಂದಾಗಿ ನೋಡಿ, ನಾಲ್ಕನ್ನು ಬಿಚ್ಚಿ ಮತ್ತೆ ಹಿಟ್ಟಿಗೆ ಸೇರಿಸಿ, ಬರುವ ವರ್ಷ ಇವರಿಗೆ ಕಾಯಿ ತುರಿಯುವ ಕೆಲಸ ಕೊಡಿ ಎಂದು ಸೊಸೆಗೆ ಅಪ್ಪಣೆ ಮಾಡಿದರು.