ಏಳು ಕಿಲೋ ಬಿಟ್ಟು ಹೊರಟೆ

ನಾನೂ ಈ ಗೆಳತಿಯೂ ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ರೂಮಿನಲ್ಲಿದ್ದೆವು. ಆ ಮೂರು ವರ್ಷದಲ್ಲಿ ನಾನು ಅವಳ ಹತ್ತಿರ ಎಷ್ಟು ಕೈಸಾಲ ಮಾಡಿದೆನೋ ಲೆಕ್ಕವಿಲ್ಲ. ತೀರಿಸಿದ ನೆನಪಂತೂ ಇಲ್ಲ. ಅಂಥವಳು ಈ ಸಲ, ತಾನೀಗ ಇರುವ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ವಿದೇಶಿಯರ ಕಚೇರಿಗೆ ಹೋಗಿ, ಸಂಬಳದ ಚೀಟಿ ತೋರಿಸಿ, 29 ಯೂರೋ ಕಟ್ಟಿ, ನಾನು ಅಲ್ಲಿರುವಷ್ಟು ದಿನ ನನ್ನ ಖರ್ಚಿಗೆಲ್ಲ ತಾನೇ ಹೊಣೆ ಅಂತ ಸಹಿ ಹಾಕಿ ಬಂದಳು. ನನ್ನ ವೀಸಾಕ್ಕೆಂದು ಮಾಡಿಸಿದ ಆ ಕಾಗದಕ್ಕೆ ಜರ್ಮನ್‌ನಲ್ಲಿ ಫರ್‌ಫ್ಲಿಶ್ಟುಂಗ್ಸ್‌ಎರ್ಕ್ಲೇರುಂಗ್ ಅನ್ನುತ್ತಾರೆ. ಅದನ್ನು ತಪ್ಪಿಲ್ಲದೆ ಹೇಳಿದವರಿಗೆ ಸುಮ್ನೆ ವೀಸಾ ಕೊಟ್ಟುಬಿಡಬೇಕು.

"ಹಳೇ ಸಾಲವೂ ಇದರಲ್ಲೇ ಸೇರಿತಾ?" ಅಂತ ಫೋನಿನಲ್ಲಿ ಕೇಳಿದೆ.

"ಬಡ್ಡಿ ಬೇರೆ ಇದೆ, ಬಾ" ಅಂದಳು.

ನನ್ನದು 80 ದಿನದ ತಿರುಗಾಟ. ಜರ್ಮನಿಯಲ್ಲಿ ಶುರು, ರೋಮ್‌ನಲ್ಲಿ ಕೊನೆ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನವಷ್ಟೇ ಇರಬಹುದು. ಇಳಿದ ದಿನವೂ ಲೆಕ್ಕ, ಹೊರಟ ದಿನವೂ ಲೆಕ್ಕ. ಹಾಗಾಗಿ ಒಂದೊಂದು ದಿನವನ್ನೂ ಜಿಪುಣಿಯ ಹಾಗೆ ಹಂಚಿದ್ದೆ. ಇವಳಿಗೆ ನಾಲ್ಕು ದಿನ. ಮುಖ ನೋಡಿ 22 ವರ್ಷವಾದ ಗೆಳತಿಗೆ ನಾಲ್ಕೇ ದಿನ, ಅದೂ ನಿದ್ದೆ ಸರಿಹೋಗುವ ತನಕ ಒಂದು ತಂಗುದಾಣ ಅನ್ನೋ ಲೆಕ್ಕದಲ್ಲಿ. ಈಗ ಬರೆಯುವಾಗ ನಾಚಿಕೆಯಾಗುತ್ತಿದೆ.

ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಅವಳು ಮೊದಲು ನೋಡಿದ್ದು ನನ್ನ ಮುಖವನ್ನಲ್ಲ, ಸೂಟ್‌ಕೇಸನ್ನು. "ಇದನ್ನು ಎತ್ತಿಕೊಂಡು 80 ದಿನ ರೈಲು ಹತ್ತಿ ಇಳೀತೀಯಾ?" ಅಂದಳು. ಆಮೇಲೆ ತಬ್ಬಿಕೊಂಡಳು. ಅವಳ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. 54 ವರ್ಷದ ಇಬ್ಬರು, ನಾಲ್ಕು ಮಂಡಿ, ಅದರಲ್ಲಿ ಸರಿಯಾಗಿದ್ದದ್ದು ಒಂದೋ ಎರಡೋ. ಪ್ರತಿ ಮಹಡಿಗೂ ನಿಂತು, ಪೆಟ್ಟಿಗೆ ಮೇಲೆ ಕೂತು, ನಕ್ಕು, ಮತ್ತೆ ಎತ್ತಿದೆವು. "ತುಪ್ಪ ತಂದಿಲ್ಲ ತಾನೇ?" ಅಂತ ಎರಡನೇ ಮಹಡಿಯಲ್ಲಿ ಕೇಳಿದಳು. ಹೊರಗಿನಿಂದ ಯುರೋಪಿಗೆ ಹಾಲಿನ ಪದಾರ್ಥ ತರುವಂತಿಲ್ಲ ಅಂತ ಮೊದಲೇ ಹತ್ತು ಸಲ ಹೇಳಿದ್ದಳು. ತಂದಿರಲಿಲ್ಲ. ಆದರೂ ಅವಳ ಮುಖ ಸ್ವಲ್ಪ ಸಪ್ಪೆಯಾದ ಹಾಗೆ ಕಂಡಿತು.

ಆ ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಬೇಸಿಗೆಯಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ನನ್ನ ಮೈಗೆ ಬೆಳಗಿನ ಆರು ಗಂಟೆ, ಏಳುವ ಹೊತ್ತು. ಅಡುಗೆಮನೆಗೆ ಹೋದರೆ ಅವಳೂ ಅಲ್ಲೇ ಕೂತಿದ್ದಾಳೆ. "ನಿನಗೆ ವಿಮಾನ, ನನಗೆ ವಯಸ್ಸು" ಅಂದಳು. ಆ ಕಟ್ಟಡದಲ್ಲಿ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಸದ್ದು ಮಾಡುವಂತಿಲ್ಲ. ಪಿಸುಮಾತಿನಲ್ಲೇ ಹರಟೆ ಶುರುವಾಯಿತು, ವಾರ್ಡನ್ ಬಂದಾಳು ಅನ್ನೋ ಹಾಗೆ.

ಪಿಸುಮಾತಿನಲ್ಲಿ ಜಗಳವಾಡುವುದು ಕಷ್ಟ. ಬಹುಶಃ ಅದಕ್ಕೇ ಅವಳು ಆ ಹೊತ್ತಿನಲ್ಲಿ ಆ ಮಾತು ತೆಗೆದಳು. ಅವಳ ಅಪ್ಪ ಹೋದಾಗ ನನಗೊಂದು ಕಾಗದ ಬರೆದಿದ್ದಳು. ನಾಲ್ಕು ಪುಟ. ನಾನು ಉತ್ತರ ಬರೆಯಲಿಲ್ಲ. ಆಮೇಲೆ ಎಷ್ಟೋ ಸಲ ಸಿಕ್ಕಿದ್ದೇವೆ, ಅವಳು ಈ ದೇಶಕ್ಕೆ ಬಂದ ಮೇಲೂ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡಿದ್ದೇವೆ. ಆ ಕಾಗದದ ಸುದ್ದಿ ಇಬ್ಬರೂ ಎತ್ತಿರಲಿಲ್ಲ. ಅವಳು ಮರೆತಿದ್ದಾಳೆ ಅಂತ ನಾನು ಅಂದುಕೊಂಡಿದ್ದೆ. ಅಂದುಕೊಳ್ಳುವುದು ಸುಲಭ ಅಲ್ವಾ?

"ಏನು ಬರೆಯೋದು ಅಂತ ತೋಚಲಿಲ್ಲ ಕಣೇ" ಅಂದೆ.

"ವಿಳಾಸ ಬರೆದು ಖಾಲಿ ಕಾಗದ ಹಾಕಿದ್ದರೂ ಆಗುತ್ತಿತ್ತು" ಅಂದಳು.

ನಾನು ಸುಮ್ಮನಿದ್ದೆ. ಅವಳು ಎದ್ದು ಕೆಟಲ್ ಹಾಕಿದಳು. ಅದು ಗೊರಗೊರ ಅಂದಾಗ ಇಬ್ಬರೂ ಒಟ್ಟಿಗೇ ಬಾಗಿಲ ಕಡೆ ನೋಡಿದೆವು. ಹೊರಗೆ ನಾಲ್ಕೂವರೆಗೆಲ್ಲ ಬೆಳಕು ಬಂತು. ಜೂನ್ ನೋಡಿ, ಅಲ್ಲಿ ರಾತ್ರಿ ಅನ್ನುವುದು ಬಂದು ಹೋಗುವ ನೆಂಟ.

ಭಾನುವಾರ ಕೋಲೋನ್‌ನಿಂದ ಇನ್ನೊಬ್ಬಳು ಬಂದಳು. ನಮ್ಮ ಎದುರಿನ ರೂಮಿನವಳು. ರೈಲು ಒಂದು ಗಂಟೆಗಿಂತ ಜಾಸ್ತಿ ತಡ. ಜರ್ಮನಿಯ ಶಿಸ್ತಿನ ಬಗ್ಗೆ ನನಗಿದ್ದ ಭಯಭಕ್ತಿ ಆ ಪ್ಲಾಟ್‌ಫಾರ್ಮಿನಲ್ಲೇ ಮುಗಿಯಿತು. ಭಾನುವಾರ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಮಾಡುವುದಕ್ಕೆ ಇದ್ದದ್ದು ನಡಿಗೆ ಮಾತ್ರ. ಕೋಟೆಗೆ ಹೋದೆವು, ಎರಡು ಲಕ್ಷ ಲೀಟರಿಗೂ ಜಾಸ್ತಿ ಹಿಡಿಯುವ ವೈನ್ ಪೀಪಾಯಿ ನೋಡಿದೆವು, ಇಳಿದೆವು.

ನೆಕ್ಕರ್ ನದಿಯ ಹಳೇ ಸೇತುವೆಯ ಹತ್ತಿರ ಮಾತ್ರ ತುಂಬಾ ಹೊತ್ತು ನಿಂತೆವು. ಅಲ್ಲಿ ಒಂದು ಕಂಚಿನ ಕೋತಿ ಇದೆ. 1979ರಲ್ಲಿ ಇಟ್ಟದ್ದು. ತಲೆ ಪೊಳ್ಳು, ಒಳಗೆ ನಮ್ಮ ತಲೆ ತೂರಿಸಿ ಫೋಟೋ ತೆಗೆಸಿಕೊಳ್ಳಬಹುದು. ಕೈಯಲ್ಲೊಂದು ಕನ್ನಡಿ. ಕನ್ನಡಿ ಮುಟ್ಟಿದರೆ ದುಡ್ಡು ಬರುತ್ತದಂತೆ. ಚಾಚಿದ ಬೆರಳು ಮುಟ್ಟಿದರೆ ಮತ್ತೆ ಹೈಡೆಲ್‌ಬರ್ಗ್‌ಗೆ ಬರುತ್ತೀರಂತೆ. ಪಕ್ಕದ ಪುಟ್ಟ ಇಲಿಗಳನ್ನು ಮುಟ್ಟಿದರೆ ಮಕ್ಕಳು. ಇಲಿಗಳ ಹತ್ತಿರ ಮೂವರೂ ಸುಳಿಯಲಿಲ್ಲ. ಕೋಲೋನಿನವಳು ಕನ್ನಡಿಯನ್ನು ಎರಡು ಕೈಯಿಂದ ಒರೆಸಿದಳು. ಬೆರಳು ಜನ ಮುಟ್ಟಿ ಮುಟ್ಟಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ನಾನು ಮುಟ್ಟಿದೆ. ನಮ್ಮವಳು ಇಷ್ಟು ವರ್ಷವಾದರೂ ಮುಟ್ಟಿಲ್ಲವಂತೆ. "ಹೋದರೆ ತಾನೇ ತಿರುಗಿ ಬರೋದು" ಅಂದಳು.

ಅಂದು ರಾತ್ರಿ, ರಾತ್ರಿ ಅಂದರೆ ಒಂಬತ್ತೂವರೆ, ಸೂರ್ಯ ಆಗಷ್ಟೇ ಇಳಿಯುತ್ತಿದ್ದ, ಇಬ್ಬರೂ ಸೇರಿ ನನ್ನ ಪೆಟ್ಟಿಗೆ ಬಿಚ್ಚಿದರು. ನನ್ನನ್ನು ಸೋಫಾ ಮೇಲೆ ಕೂರಿಸಿ, ತಾವು ನೆಲದ ಮೇಲೆ ಕೂತು, ಒಂದೊಂದೇ ಎತ್ತಿ ತೀರ್ಪು ಕೊಟ್ಟರು. ಇಸ್ತ್ರಿಪೆಟ್ಟಿಗೆ: "ಯಾರಿಗೆ?" ಮೂರು ಅಡಾಪ್ಟರ್: ನಮ್ಮ ಫೋನ್ ಚಾರ್ಜರಿನ ಎರಡು ಪಿನ್ ಅಲ್ಲಿನ ಗೋಡೆಗೆ ಹಾಗೇ ಕೂರುತ್ತದೆ, ಎರಡು ದಿನದಿಂದ ನಾನೇ ಚುಚ್ಚುತ್ತಿದ್ದೆ, ತಲೆಗೆ ಹೋಗಿರಲಿಲ್ಲ. ಎರಡು ದಪ್ಪ ಪುಸ್ತಕ. ನಾಲ್ಕು ಸೀರೆ, ಅದರಲ್ಲೊಂದು ಹಸಿರು ರೇಷ್ಮೆ. ರೇಷ್ಮೆಗೆ ನಾನು ವಾದ ಮಾಡಿದೆ. ಸೋತೆ.

ತೂಕ ನೋಡಲು ಸ್ನಾನದ ಮನೆಯ ತಕ್ಕಡಿ. ಪೆಟ್ಟಿಗೆ ಹಿಡಿದು ನಿಂತು ಒಂದು ಸಲ, ಬರೀ ನಾನು ಒಂದು ಸಲ, ಕಳೆದರೆ ಪೆಟ್ಟಿಗೆಯ ತೂಕ. ಮೂವತ್ತು ವರ್ಷ ಮುಚ್ಚಿಟ್ಟ ಅಂಕಿಯೊಂದು ಹೀಗೆ ಇಬ್ಬರ ಎದುರು ಬಯಲಾಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ. ಪೆಟ್ಟಿಗೆಯದ್ದು ಬರೆಯುತ್ತೇನೆ: 21 ಇದ್ದದ್ದು 14ಕ್ಕೆ ಇಳಿಯಿತು.

ಸೋಮವಾರ ಮ್ಯೂನಿಕ್ ರೈಲಿಗೆ ಅವಳೇ ಬಂದು ಕೂರಿಸಿದಳು. ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿ ಒಳಗಿಟ್ಟಾಗ ಹೊಳೆಯಿತು.

"ಅಲ್ಲ ಕಣೇ, ನನ್ನ ವಾಪಸು ಟಿಕೆಟ್ ರೋಮ್‌ನಿಂದ. ಆ ಏಳು ಕಿಲೋ?"

"ನಿನಗೆ ವೀಸಾ 90 ದಿನ, ಟೂರು 80" ಅಂದಳು. "ಹತ್ತು ದಿನ ಉಳಿಯುತ್ತಲ್ಲ. ಸೀರೆ ತಗೊಂಡು ಹೋಗುವಿಯಂತೆ."