ಮೇಷ್ಟ್ರು ತಿದ್ದಿದ ನೋಟ್ಸ್

ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಹಕ್ಕಿಗಳೆಂದರೆ ಪ್ರಾಣ. ಮಳೆಗಾಲದ ಭಾನುವಾರಗಳಲ್ಲಿ ಬೈನಾಕ್ಯುಲರ್ ನೇತು ಹಾಕಿಕೊಂಡು ಮಂಡಗದ್ದೆ ಪಕ್ಷಿಧಾಮದ ಬಸ್ ಹತ್ತುತ್ತಿದ್ದರು. ಅಂಥವರಿಗೆ ಮಂಗನ ಕಾಯಿಲೆಯ ಪಾಠ ಮಾಡುವುದು ಎಷ್ಟು ಕಷ್ಟವಿತ್ತೆಂದು ನಮಗಾಗ ಗೊತ್ತಿರಲಿಲ್ಲ.

ಸೊರಬ ಕಡೆಯ ಹುಡುಗರಿಗೆ ಆ ಪಾಠವೇ ಬೇಕಿರಲಿಲ್ಲ. ಮನೆಯವರು ಉಣುಗು ಕಚ್ಚದಿರಲೆಂದು ಡಿಎಂಪಿ ಎಣ್ಣೆ ಹಚ್ಚಿಕೊಂಡು ಸೊಪ್ಪಿನ ಬೆಟ್ಟಕ್ಕೆ ಹೋಗುವುದನ್ನು ನೋಡಿಯೇ ಬೆಳೆದವರು. ಆದರೂ ಮೇಷ್ಟ್ರು 1957ರಿಂದಲೇ ಶುರು ಮಾಡುತ್ತಿದ್ದರು. ಕ್ಯಾಸನೂರು ಕಾಡಿನಲ್ಲಿ ಮುಸುವ, ಕೋತಿಗಳು ಸತ್ತು ಬೀಳುತ್ತಿದ್ದವು. ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ. ಪುಣೆಯಿಂದ ಬಂದ ವಿಜ್ಞಾನಿಗಳಿಗೆ ಮೊದಲು ಹಳದಿ ಜ್ವರದ ಅನುಮಾನ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರಕ್ಕೆ ಮಂಗಗಳು ಸಾಯುತ್ತವೆ, ಅನುಮಾನ ಬಂದದ್ದು ಸಹಜವೇ. ಪ್ರಯೋಗಾಲಯದಲ್ಲಿ ಸಿಕ್ಕಿದ್ದು ಬೇರೆಯೇ ವೈರಸ್. ಹರಡುತ್ತಿದ್ದದ್ದು ಉಣುಗು, ಸೊಳ್ಳೆಯಲ್ಲ. ಹಳದಿ ಜ್ವರದ ಮಾತು ಅಲ್ಲಿಗೆ ಮುಗಿಯಿತು.

ಹಕ್ಕಿಗಳ ಮಾತು ಮಾತ್ರ ಅಷ್ಟು ಸುಲಭಕ್ಕೆ ಮುಗಿಯಲಿಲ್ಲ. ಈ ವೈರಸ್ ರಷ್ಯಾದ ಒಂದು ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಹಾಗಾದರೆ ಸೈಬೀರಿಯಾದಿಂದ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗಿನ ಜೊತೆ ಬಂದಿರಬಹುದಲ್ವಾ? ಎಷ್ಟು ಚೆಂದದ ಊಹೆ! ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಪಕ್ಷಿತಜ್ಞ ಸಲೀಂ ಅಲಿಯವರ ತಂಡ ವರ್ಷಗಟ್ಟಲೆ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣುಗು ಹುಡುಕಿತು. ವಲಸೆಯ ಬಗ್ಗೆ ಬೇಕಾದಷ್ಟು ತಿಳಿಯಿತು. ಹಕ್ಕಿಗಳೇ ರೋಗ ತಂದವು ಅನ್ನುವುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ.

ಈ ಭಾಗಕ್ಕೆ ಬಂದಾಗ ಮೇಷ್ಟ್ರ ದನಿ ಇಳಿಯುತ್ತಿತ್ತು. "ವೈರಸ್ ಮೊದಲಿಂದಲೂ ನಮ್ಮ ಕಾಡಲ್ಲೇ ಇತ್ತು ಅಂತ ಕಾಣುತ್ತೆ. ಕಾಡು ಕಡಿದೆವು, ದನ ನುಗ್ಗಿಸಿದೆವು, ಹೊರಗೆ ಬಂತು," ಅನ್ನುತ್ತಿದ್ದರು. ಒಬ್ಬ ಹುಡುಗಿ, "ನೀವು ನಂಬ್ತೀರಾ ಸಾರ್?" ಅಂತ ಕೇಳಿಯೇಬಿಟ್ಟಳು. "ತಲೆ ಒಪ್ಪಿದೆ ಕಣಮ್ಮ. ಮನಸ್ಸು ಇನ್ನೂ ಸೈಬೀರಿಯಾದಲ್ಲೇ ಇದೆ," ಅಂದರು. ಕ್ಲಾಸೆಲ್ಲ ನಗು. ಆಮೇಲೆ ಟೆಸ್ಟಿನಲ್ಲಿ ಅದನ್ನೇ ಕೇಳಿದರು: ಹಕ್ಕಿಗಳು ತಂದಿಲ್ಲ ಅನ್ನುವುದಕ್ಕೆ ಕಾರಣ ಕೊಡಿ. ತಮಗೆ ಇಷ್ಟವಿಲ್ಲದ ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟ ಮೇಷ್ಟ್ರನ್ನು ನಾನು ಬೇರೆಲ್ಲೂ ನೋಡಿಲ್ಲ.

ಈ ಕಾಯಿಲೆ ನಮ್ಮ ಜಿಲ್ಲೆ, ಅಕ್ಕಪಕ್ಕದ ಜಿಲ್ಲೆಗಳನ್ನು ಬಿಟ್ಟು ಹೋಗುವುದಿಲ್ಲ ಅಂತಲೂ ಆಗ ಬರೆಸಿದ್ದರು. 2012ರಲ್ಲಿ ಬಂಡೀಪುರದಲ್ಲಿ ಕಾಣಿಸಿಕೊಂಡಿತು, ಆಮೇಲೆ ವಯನಾಡು, ಗೋವಾ. ನಿವೃತ್ತರಾಗಿದ್ದ ಮೇಷ್ಟ್ರನ್ನು ಮಾತಾಡಿಸಲು ಹೋದಾಗ ಕಾಫಿಗಿಂತ ಮೊದಲು ಅದೇ ವಿಷಯ ತೆಗೆದರು. "ಎಷ್ಟು ಬ್ಯಾಚಿಗೆ ತಪ್ಪು ಬರೆಸಿದೀನೋ ಮಾರಾಯ! ನಿಂಗೆ ಸಿಕ್ಕವರಿಗೆಲ್ಲ ಹೇಳಿಬಿಡು."

ಎಲ್ಲರೂ ಸಿಗುವುದು ಕಷ್ಟ. ತೊಂಬತ್ತರ ದಶಕದ ಬ್ಯಾಚಿನವರು ಇದನ್ನು ಓದುತ್ತಿದ್ದರೆ, ನೋಟ್ಸ್ ಇನ್ನೂ ಇಟ್ಟುಕೊಂಡಿದ್ದರೆ, ದಯವಿಟ್ಟು ತಿದ್ದಿಕೊಳ್ಳಿ.