ವಾಹನಕ್ಕೆ ಪಾಸ್ ಇತ್ತು, ಕೋಳಿ ಹಿಡಿಯುವವರಿಗೆ ಇರಲಿಲ್ಲ

ಗುತ್ತಿಗೆ ಕೋಳಿ ಸಾಕಣೆಯ ಕಂಪನಿಯೊಂದರಲ್ಲಿ ನಾನು ಫೀಲ್ಡ್ ಸೂಪರ್‌ವೈಸರ್. ದೊಡ್ಡಬಳ್ಳಾಪುರ, ಗೌರಿಬಿದನೂರು ಕಡೆಯ ಶೆಡ್‌ಗಳು ನನ್ನ ಪಾಲಿನವು. ಮರಿ, ಫೀಡ್, ಔಷಧ ಕಂಪನಿಯದು. ಶೆಡ್ಡು, ನೀರು, ಕರೆಂಟು, ದುಡಿಮೆ ರೈತನದು. ಆರು ವಾರದ ಹೊತ್ತಿಗೆ ಕೋಳಿ ಎರಡು ಕಿಲೋ ಮುಟ್ಟುತ್ತದೆ, ಲೋಡ್ ಆಗುತ್ತದೆ. ರೈತನಿಗೆ ಕಿಲೋ ಲೆಕ್ಕದಲ್ಲಿ ಸಾಕಣೆ ಹಣ.

2020ರಲ್ಲಿ ನಮ್ಮ ಕಸುಬಿಗೆ ಆದ ಪೆಟ್ಟನ್ನು ದರ ಕುಸಿತದ ಕಥೆ ಎಂದಷ್ಟೇ ಬಹಳ ಜನ ತಿಳಿದಿದ್ದಾರೆ. ದರ ಕುಸಿದದ್ದೇನೋ ನಿಜ. ಕೋಳಿ ತಿಂದರೆ ಕೊರೊನಾ ಬರುತ್ತದೆ ಎಂಬ ವಾಟ್ಸಾಪ್ ಸುಳ್ಳು ಲಾಕ್‌ಡೌನ್‌ಗೆ ಮೊದಲೇ ಅಂಗಡಿಗಳಿಂದ ಗಿರಾಕಿಗಳನ್ನು ಓಡಿಸಿತ್ತು. ಮಾರ್ಚ್‌ನಲ್ಲಿ ಮೈಸೂರು, ದಾವಣಗೆರೆ ಕಡೆ ಹಕ್ಕಿಜ್ವರವೂ ಕಾಣಿಸಿಕೊಂಡಿತು. ಬೆಳಗಾವಿ ಜಿಲ್ಲೆಯ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತವಾಗಿ ಗುಂಡಿಗೆ ಸುರಿದ ವಿಡಿಯೊ ನಮ್ಮ ರೈತರ ಮೊಬೈಲ್‌ಗಳಿಗೂ ಬಂತು. ಆದರೆ ಕೊಳ್ಳುವವರು ಮರಳಿದ ಮೇಲೂ ಕೋಳಿ ಶೆಡ್‌ನಲ್ಲೇ ಉಳಿಯಿತಲ್ಲ, ಅದಕ್ಕೆ ಕಾರಣ ಬೇರೆ.

ಮಾರ್ಚ್ 24ರ ಕೇಂದ್ರದ ಆದೇಶದಲ್ಲೇ ಮಾಂಸ, ಮೀನು, ಪಶು ಆಹಾರದ ಅಂಗಡಿಗಳಿಗೆ ವಿನಾಯಿತಿ ಇತ್ತು. ಏಪ್ರಿಲ್ ಮಧ್ಯದ ಆದೇಶವು ಸರಕು ಲಾರಿಯಲ್ಲಿ ಇಬ್ಬರು ಚಾಲಕರು, ಒಬ್ಬ ಸಹಾಯಕ ಹೋಗಬಹುದು ಎಂದಿತು. ಅಕ್ಕಿ ಮೂಟೆಗೆ ಅಷ್ಟು ಸಾಕು. ಜೀವಂತ ಕೋಳಿಯ ಲೋಡಿಂಗ್ ನಡೆಯುವುದು ರಾತ್ರಿ, ದೀಪ ತಗ್ಗಿಸಿಕೊಂಡು. ಕತ್ತಲಲ್ಲಿ ಕೋಳಿ ಗಾಬರಿಯಾಗುವುದಿಲ್ಲ. ಹಿಡಿಯುವವರು ಕಾಲು ಹಿಡಿದು ಒಂದೊಂದು ಕೈಯಲ್ಲಿ ನಾಲ್ಕೈದು ಕೋಳಿ ಎತ್ತುತ್ತಾರೆ, ಕ್ರೇಟ್ ತುಂಬುತ್ತಾರೆ, ತೂಗುತ್ತಾರೆ, ಗಾಡಿಗೆ ಏರಿಸುತ್ತಾರೆ. ಬೆಳಗಾಗುವ ಮೊದಲು ಸರಕು ಬೆಂಗಳೂರು ಸೇರಬೇಕು. ಇದಕ್ಕೆ ಆರೆಂಟು ಆಳು ಬೇಕು, ಅವರು ಬರುವುದು ಅದೇ ಗಾಡಿಯಲ್ಲಿ ಕುಳಿತು. ಚೆಕ್‌ಪೋಸ್ಟ್‌ನಲ್ಲಿ ಅವರನ್ನು ಇಳಿಸಿ ಗಾಡಿಯನ್ನು ಮಾತ್ರ ಬಿಟ್ಟರು.

ಒಂದು ಶೆಡ್‌ನಲ್ಲಿ ರೈತ, ಅವರ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು ಸೇರಿ ಹಿಡಿದರು. ಅಭ್ಯಾಸವಿಲ್ಲದ ಕೈ, ಒಂದೊಂದೇ ಕೋಳಿ. ನೆಲಕ್ಕೆ ಹಾಸಿದ ಹೊಟ್ಟಿನ ಅಮೋನಿಯಾ ಘಾಟಿಗೆ ಚಿಕ್ಕವನ ಕಣ್ಣು ಉರಿದು ನೀರು ಸುರಿಯುತ್ತಿತ್ತು. ರೆಕ್ಕೆ ಮುರಿದ ಕೋಳಿಗೆ ವ್ಯಾಪಾರಿ ದುಡ್ಡು ಕಡಿದ. "ಸರ್, ಸಾಕುವುದು ನಮಗೆ ಗೊತ್ತು, ಹಿಡಿಯುವುದು ಗೊತ್ತಿಲ್ಲ" ಎಂದರು ಆ ತಾಯಿ.

ಕೋಳಿಯನ್ನು ಗೋದಾಮಿನಲ್ಲಿಟ್ಟು ಕಾಯುವಂತಿಲ್ಲ. ಆರು ವಾರದ ಕೋಳಿ ದಿನಕ್ಕೆ 150 ಗ್ರಾಂಗೂ ಮಿಕ್ಕಿ ತಿನ್ನುತ್ತದೆ. 3,000 ಕೋಳಿಯ ಶೆಡ್‌ಗೆ ದಿನಕ್ಕೆ 50 ಕಿಲೋದ ಒಂಬತ್ತು ಮೂಟೆ. ತೂಕ ಹೆಚ್ಚಿದಷ್ಟೂ ಏಪ್ರಿಲ್ ಬಿಸಿಲಿಗೆ ಸಾಯುವುದು ಹೆಚ್ಚು, ತಿಂದ ಫೀಡ್‌ಗೆ ಬಂದ ತೂಕ ಕಡಿಮೆಯಾಗಿ ರೈತನ ಸಾಕಣೆ ಹಣಕ್ಕೂ ಕತ್ತರಿ. ಹೊಸ ಮರಿಗೆ ಶೆಡ್ ಖಾಲಿ ಇಲ್ಲ. ಮೊಟ್ಟೆ ಮರಿಯಾಗಲು 21 ದಿನ, ಬೆಳೆಯಲು ಆರು ವಾರ. ಮಾರ್ಚ್‌ನಲ್ಲಿ ನಿಂತದ್ದು ಮೇ ತಿಂಗಳಲ್ಲಿ ಅಂಗಡಿಯ ದುಬಾರಿ ದರವಾಗಿ ಬಂದದ್ದು ಹೀಗೆ.

ಕೋಳಿ ಹಿಡಿಯುವವರಿಗೆ ಪಾಸ್ ಕೇಳೋಣವೆಂದರೆ ನಮ್ಮ ಕಚೇರಿಯಲ್ಲಿ ಒಂದು ಹೆಸರೂ ಇರಲಿಲ್ಲ. ಗಾಡಿ ನಂಬರ್ ಇತ್ತು, ಆಳುಗಳನ್ನು ಕರೆತರುವ ಮೇಸ್ತ್ರಿಯ ಫೋನ್ ಇತ್ತು, ಅಷ್ಟೇ. ಅದೇ ವರ್ಷ ಜೂನ್‌ನಲ್ಲಿ ಜರ್ಮನಿಯ ಗ್ಯೂಟರ್ಸ್‌ಲೋ ಬಳಿಯ ಟೋನೀಸ್ ಮಾಂಸ ಕಾರ್ಖಾನೆಯಲ್ಲಿ 1,500ಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿತು. ಹೆಚ್ಚಿನವರು ರೊಮೇನಿಯಾ, ಬಲ್ಗೇರಿಯಾ, ಪೋಲೆಂಡ್‌ನಿಂದ ಉಪಗುತ್ತಿಗೆದಾರರ ಮೂಲಕ ಬಂದವರು. ಕೆಲಸಗಾರರ ವಿಳಾಸ ಸಿಗದೆ ಅಧಿಕಾರಿಗಳು ಪರದಾಡಿದ ಸುದ್ದಿ ಓದುವಾಗ ನನಗೆ ನಮ್ಮ ಮೇಸ್ತ್ರಿಯೇ ನೆನಪಾದ. ಅಲ್ಲಿ 2021ರ ಜನವರಿಯಿಂದ ವಧೆ, ಮಾಂಸ ಕತ್ತರಿಸುವ ಕೆಲಸಗಳಿಗೆ ಉಪಗುತ್ತಿಗೆಯನ್ನೇ ನಿಷೇಧಿಸಿದರು.

ನಮ್ಮಲ್ಲಿ ಅಂಥ ಕಾನೂನು ಬರಲಿಲ್ಲ. ನಾನು ಒಂದು ರಿಜಿಸ್ಟರ್ ಶುರು ಮಾಡಿದೆ: ಹೆಸರು, ಊರು, ಫೋನ್, ರಕ್ತದ ಗುಂಪು. 2021ರ ಏಪ್ರಿಲ್ ಕೊನೆಯಲ್ಲಿ ರಾಜ್ಯ ಮತ್ತೆ ಮುಚ್ಚಿದಾಗ ಆ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಗುರುತಿನ ಪತ್ರ ಮಾಡಿಸಿದೆವು, ಗಾಡಿಗಳು ನಡೆದವು.

ಲೋಡ್ ಇಲ್ಲದ ರಾತ್ರಿಗೆ ಅವರಿಗೆ ಕೂಲಿ ಈಗಲೂ ಇಲ್ಲ. ಅದು ಮೇಸ್ತ್ರಿಯ ವಿಷಯ ಎನ್ನುತ್ತದೆ ಕಂಪನಿ. ಅರ್ಧ ಕೂಲಿಯನ್ನಾದರೂ ಕಂಪನಿಯೇ ಕೊಡಬೇಕೆಂದು ಪ್ರತಿ ಸಭೆಯಲ್ಲೂ ಕೇಳುತ್ತಿದ್ದೇನೆ.